ಎತ್ತು, ಕುದುರೆ ಮತ್ತು ಎರಡು ಅವೆಂಜರ್

ಅಕ್ಕನ ಮಗ ಜಗಲಿ ಮೇಲೆ ಕೂತು, ಕೊಟ್ಟ ಕಾಫಿಗೆ ಇನ್ನೂ ಬಾಯಿ ಹಚ್ಚಿರಲಿಲ್ಲ. "ಮಾವ, ಕ್ರೂಸ್ ತಗೊಳ್ಳಾನಾ, ಸ್ಟ್ರೀಟ್ ತಗೊಳ್ಳಾನಾ?" ಅಂತ ಕೇಳಿದ. ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಜಗಲಿ ಇರುವುದು ಒಂದು ಮಾತಿನಲ್ಲಿ ಮುಗಿಸಲಿಕ್ಕಲ್ಲವಲ್ಲ! "ಮೊದಲು ಕಾಫಿ ಕುಡಿ, ಆರಿಹೋಗುತ್ತೆ" ಅಂದೆ.

ಹುಡುಗ ನಮ್ಮ ಕೋರ ಹೋಬಳಿಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. 2014ರಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರಲ್ಲ, ಅದೇ ಜಾಗ. ನಾವು ಚಿಕ್ಕವರಿದ್ದಾಗ ಆ ಕಡೆ ಕುರಿ ಮೇಯುತ್ತಿದ್ದವು, ಈಗ ಶಿಫ್ಟ್ ಬಿಟ್ಟ ಹೊತ್ತಿಗೆ ಬೈಕುಗಳ ಸಾಲು. ಅವನಿಗೆ ದಿನದ ಓಡಾಟಕ್ಕೆ ಹಳೆಯ ಗಾಡಿಯೊಂದಿದೆ. ಈಗ ಬೇಕಾಗಿರುವುದು ಭಾನುವಾರಕ್ಕೆ, ಕಾಲು ಚಾಚಿಕೊಂಡು ನಿಧಾನವಾಗಿ ಹೋಗುವಂಥದ್ದು. ಹೊಸದಕ್ಕೆ ದುಡ್ಡು ಸಾಲದು. ಸೆಕೆಂಡ್ ಹ್ಯಾಂಡ್ ಎರಡು ನೋಡಿಟ್ಟಿದ್ದ. ತುಮಕೂರಲ್ಲಿ ಒಂದು ಅವೆಂಜರ್ ಕ್ರೂಸ್, ಕುಣಿಗಲ್ಲಲ್ಲಿ ಒಂದು ಅವೆಂಜರ್ ಸ್ಟ್ರೀಟ್. ರೇಟು ಹೆಚ್ಚೂ ಕಡಿಮೆ ಒಂದೇ.

ಈ ಗಾಡಿಯ ವಂಶಾವಳಿಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಇದರ ಹಿರೀಕ 2001ರಲ್ಲಿ ಬಂದ ಕವಾಸಕಿ ಬಜಾಜ್ ಎಲಿಮಿನೇಟರ್, 175 ಸಿಸಿ. 2005ರಲ್ಲಿ ಅದೇ ಮೈಕಟ್ಟಿಗೆ 180 ಸಿಸಿ ಇಂಜಿನ್ ಕೂತು ಅವೆಂಜರ್ ಆಯಿತು. ಆಮೇಲೆ 200, ಆಮೇಲೆ 220. 2015ರ ಅಕ್ಟೋಬರಿನಲ್ಲಿ ಮನೆ ಎರಡು ಪಾಲಾಯಿತು. ಒಬ್ಬ ಮಗ ಕ್ರೂಸ್: ಮೈತುಂಬಾ ಕ್ರೋಮ್, ಕಡ್ಡಿ ಚಕ್ರ, ಎತ್ತರದ ಅಗಲವಾದ ಹ್ಯಾಂಡಲ್. ಇನ್ನೊಬ್ಬ ಸ್ಟ್ರೀಟ್: ಮಿರುಗದ ಕಪ್ಪು, ಅಲಾಯ್ ವೀಲ್, ಚಪ್ಪಟೆ ಹ್ಯಾಂಡಲ್. ಇಬ್ಬರ ಎದೆಯಲ್ಲೂ ಅದೇ 220 ಸಿಸಿ ಇಂಜಿನ್. ಹಾಗಿದ್ದ ಮೇಲೆ ಆರಿಸುವುದು ಏನನ್ನು ಹೇಳಿ?

ನನಗೆ ಆಗ ನೆನಪಾದದ್ದು ತಾತ. ಶಿವರಾತ್ರಿ ಸುಮಾರಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಸಾಲು ಸಾಲು ಹಳ್ಳಿಕಾರ್ ಎತ್ತುಗಳು, ಕೊಂಬಿಗೆ ಕಳಸ, ಕೊರಳಿಗೆ ಗೆಜ್ಜೆ. ನಾನು ಬಾಯಿ ಬಿಟ್ಟುಕೊಂಡು ಕೊಂಬು ನೋಡುತ್ತಿದ್ದರೆ ತಾತ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಸುಳಿ ನೋಡೋರು, ಗೊರಸು ಎತ್ತಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ನೋಡೋರು. ಕೊನೆಗೆ ದಳ್ಳಾಳಿಯ ಟವೆಲ್ಲಿನೊಳಗೆ ಕೈ ಹೋಗುತ್ತಿತ್ತು. ಬೆರಳು ಹಿಡಿದೇ ವ್ಯಾಪಾರ, ಸುತ್ತ ನಿಂತವರಿಗೆ ರೇಟು ತಿಳಿಯುತ್ತಿರಲಿಲ್ಲ. ವಾಪಸ್ ಬರುವಾಗ ತಾತ ಹೇಳುತ್ತಿದ್ದುದು ಇಷ್ಟೇ: "ಕೊಂಬಿಗೆ ಬಣ್ಣ ಯಾರು ಬೇಕಾದ್ರೂ ಬಳೀತಾರೆ ಮಗಾ, ಹಲ್ಲಿಗೆ ಬಳಿಯೋಕಾಗಲ್ಲ."

"ಸರಿ ಮಾವ, ಬೈಕಿಗೆ ಹಲ್ಲು ಎಲ್ಲಿರುತ್ತೆ?" ಅಂದ ಹುಡುಗ. ಒಳ್ಳೆಯ ಪ್ರಶ್ನೆ. ಚೈನ್ ಸ್ಪ್ರಾಕೆಟ್ಟಿಗೇ ಹಲ್ಲಿದೆ! ಅದು ಚೂಪಾಗಿ ಒಂದೇ ಕಡೆಗೆ ಬಾಗಿದ್ದರೆ ಗಾಡಿ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಓಡಿರಬಹುದು, ಇಲ್ಲವೇ ಸಾಕಿದವನು ಸರಿಯಾಗಿ ಸಾಕಿಲ್ಲ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯಾ ನೋಡಬೇಕು. ಹ್ಯಾಂಡಲ್ ಎಡಬಲಕ್ಕೆ ತಿರುಗಿಸಿದಾಗ ನಡುವೆ ಕಚ್ಚಿಕೊಳ್ಳುತ್ತದಾ ನೋಡಬೇಕು. ಗಾಡಿ ಯಾವ ವರ್ಷದ್ದು ಅನ್ನುವುದೂ ಮುಖ್ಯ. 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಹೆದ್ದಾರಿಯಲ್ಲಿ ಒಮ್ಮೆಲೇ ಬ್ರೇಕ್ ಹಿಡಿಯಬೇಕಾಗಿ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಮೊದಲು ತುಮಕೂರಿಗೆ ಹೋದೆವು. ಕ್ರೂಸ್ ಅಂಗಳದಲ್ಲಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಒರಗಲಿಕ್ಕೆ ಬ್ಯಾಕ್‌ರೆಸ್ಟ್. ಹುಡುಗನ ಕಣ್ಣು ಅರಳಿತು. ನಾನು ಹತ್ತಿರ ಹೋಗಿ ಇಂಜಿನ್ನಿಗೆ ಅಂಗೈ ಮುಟ್ಟಿಸಿದೆ. ಬಿಸಿ. "ಈಗ ತಾನೇ ಮಗ ಹಾಲು ತರಕ್ಕೆ ಹೋಗಿದ್ದ" ಅಂದರು ಮನೆಯವರು. ಇರಬಹುದು. ಬಿಸಿ ಇಂಜಿನ್ ಮಾತ್ರ ಎಲ್ಲರ ಮುಂದೆಯೂ ಒಳ್ಳೆಯ ಹುಡುಗನೇ.

ಕ್ರೋಮನ್ನೂ ಬಗ್ಗಿ ನೋಡಿದೆ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಹೊಳೆಯುವ ಲೋಹದ ಮೇಲೆ ಬಿಳಿ ಬಿಳಿ ಉಪ್ಪಿನ ಚುಕ್ಕೆ ಕೂರುತ್ತದೆ, ಕಡ್ಡಿಗಳ ಬುಡದಲ್ಲಿ ಕಂದು ತುಕ್ಕು. ಅಲ್ಲಿ ಎರಡೂ ಇದ್ದವು. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ತುದಿಬೆರಳಷ್ಟು ಕೊಬ್ಬರಿ ಎಣ್ಣೆ ಸವರುವವರು ನಮ್ಮಲ್ಲಿದ್ದಾರೆ. ತೆಂಗಿನ ಸೀಮೆಯವರಿಗೆ ಎಣ್ಣೆ ಹುಡುಕಿಕೊಂಡು ಎಲ್ಲಿಗೆ ಹೋಗಬೇಕು ಹೇಳಿ! ಆದರೆ ಆ ಕೆಲಸಕ್ಕೆ ಪ್ರತಿ ಭಾನುವಾರ ಅರ್ಧ ಗಂಟೆ ಮೀಸಲಿಡಬೇಕು. ಪುರುಸೊತ್ತು ಇದ್ದವನಿಗೆ ಕ್ರೋಮ್, ಇಲ್ಲದವನಿಗೆ ಕಪ್ಪು. ಇದೂ ಒಂದು ಲೆಕ್ಕವೇ.

ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟೆವು. ಕುಣಿಗಲ್ ಅಂದರೆ ಎಲ್ಲರಿಗೂ ಮೊದಲು ಕೆರೆ ನೆನಪಾಗುತ್ತದೆ, ನನಗೆ ಕುದುರೆ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕಿದ ಫಾರಂ ಅದು, ಆಮೇಲೆ ರೇಸಿನ ಕುದುರೆಗಳಿಗೂ ಹೆಸರಾಯಿತು. ಸೈನ್ಯದ ಕುದುರೆಗೂ ರೇಸಿನ ಕುದುರೆಗೂ ಕಾಲು ನಾಲ್ಕೇ, ಆದರೆ ಸವಾರ ಕೂರುವ ರೀತಿಯೇ ಬೇರೆ. ದಿನವಿಡೀ ಹೋಗಬೇಕಾದವನು ಬೆನ್ನು ನೆಟ್ಟಗಿಟ್ಟು ಕೂರುತ್ತಾನೆ, ಎರಡು ನಿಮಿಷ ಓಡಿಸುವವನು ಕುತ್ತಿಗೆಯ ಮೇಲೆ ಬಾಗುತ್ತಾನೆ. ಈ ಕ್ರೂಸರ್ ಅನ್ನುವ ಜಾತಿಯೇ ಅಮೆರಿಕದ ಉದ್ದನೆಯ ನೇರ ರಸ್ತೆಗಳಲ್ಲಿ ದಿನವಿಡೀ ಹೋಗುವವರಿಗಾಗಿ ಬೆಳೆದದ್ದು. ಕಾಲು ಮುಂದಕ್ಕೆ, ಕೈ ಹಗುರ, ಸೀಟು ತಗ್ಗು. ನೋಡಿದರೆ ನಮ್ಮ ಆರಾಮ ಕುರ್ಚಿಗೆ ಎರಡು ಚಕ್ರ ಬಂದ ಹಾಗೆ. ಕ್ರೂಸ್‌ನ ಎತ್ತರದ ಹ್ಯಾಂಡಲ್ ಕೈಯನ್ನು ನಿಮ್ಮ ಹತ್ತಿರಕ್ಕೇ ತರುತ್ತದೆ. ಸ್ಟ್ರೀಟ್‌ನ ಹ್ಯಾಂಡಲ್ ಹಿಡಿಯಲು ತುಸು ಮುಂದೆ ಚಾಚಬೇಕು, ಆದರೆ ಪೇಟೆಯ ಸಂದಿಯಲ್ಲಿ ತಿರುಗಿಸಲು ಅದೇ ಸಲೀಸು. ಸೀಟು ತಗ್ಗಾದಾಗ ಹೊಟ್ಟೆಯೂ ತಗ್ಗು ಅನ್ನುವುದನ್ನು ಮರೆಯಬಾರದು. ನಮ್ಮ ಊರೂರ ಹಂಪ್ಸ್ ಮೇಲೆ ನಿಧಾನಿಸದೆ ಹೋದರೆ ತಳ ಉಜ್ಜುತ್ತದೆ.

ಕುಣಿಗಲ್ಲಿನ ಸ್ಟ್ರೀಟ್ ಮನೆ ಹಿಂದಿನ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿತ್ತು. ಅಂಗೈ ಇಟ್ಟೆ, ತಣ್ಣಗೆ. ಸೆಲ್ಫ್ ಒತ್ತಿದ. ಮೊದಲ ಸಲಕ್ಕೆ ಕೆಮ್ಮಿತು, ಎರಡನೆಯದಕ್ಕೆ ಹಿಡಿಯಿತು. ಸೈಲೆನ್ಸರ್ ಹತ್ತಿರ ಬಿಳಿ ಕರವಸ್ತ್ರ ಹಿಡಿದೆ, ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಆದರೂ ಹುಡುಗನ ಮನಸ್ಸು ತುಮಕೂರಲ್ಲೇ ಇತ್ತು. "ಮಾವ, ಇದಕ್ಕೆ ಬ್ಯಾಕ್‌ರೆಸ್ಟ್ ಇಲ್ಲ. ಅಮ್ಮ ಕೂರೋದು ಹೆಂಗೆ?"

ಆ ಮಾತು ಕೇಳಿ ನನಗೆ ಮನಸ್ಸು ತುಂಬಿಬಂತು. ನಮ್ಮ ಅಪ್ಪನ ಹತ್ತಿರ ಒಂದು ಜಾವಾ ಇತ್ತು. 1961ರಲ್ಲಿ ಮೈಸೂರಿನ ಕಾರ್ಖಾನೆಯನ್ನು ಮಹಾರಾಜರೇ ಉದ್ಘಾಟಿಸಿದರು, 1996ರಲ್ಲಿ ಅದು ಬಾಗಿಲು ಹಾಕಿತು. ಆ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಕಿಕ್ ಹೊಡೆದು ಸ್ಟಾರ್ಟ್ ಆದ ಮೇಲೆ ಅದನ್ನೇ ಮುಂದಕ್ಕೆ ತಂದರೆ ಗೇರ್! ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಗುಬ್ಬಿ ಜಾತ್ರೆಗೆ ಹೋಗೋರು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರಲ್ಲವೇ ಗುಬ್ಬಿ, ನಾಟಕದ ಹುಚ್ಚಿನ ಅಮ್ಮನಿಗೆ ಆ ಊರಿನ ಹೆಸರೇ ಸಾಕಿತ್ತು. ಇವತ್ತು ಅಮ್ಮನನ್ನು ಕೇಳಿದರೆ ಆ ಗಾಡಿ ಎಷ್ಟು ಸಿಸಿ ಅಂತ ಹೇಳಲಾರರು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಅಪ್ಪನ ಭುಜ ಹಿಡಿದು ಕೂತದ್ದನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳುತ್ತಾರೆ.

ಮಾರನೇ ದಿನ ಬೆಳಗ್ಗೆ ಆರಕ್ಕೆ, ಹೇಳದೆ ಮತ್ತೆ ತುಮಕೂರಿಗೆ ಹೋದೆವು. ಇಂಜಿನ್ ತಣ್ಣಗಿತ್ತು. ಸೆಲ್ಫ್ ಒತ್ತಿದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು, ಒಂದೆರಡು ನಿಮಿಷದಲ್ಲಿ ಕರಗಿತು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಹಿಂದಿನ ದಿನ ಅದು ಕಾಣಿಸದೆ ಹೋದದ್ದು ಯಾಕೆ ಅನ್ನುವುದು ನಿಮಗೂ ಹೊಳೆದಿರಬೇಕು.

ಹುಡುಗ ಕುಣಿಗಲ್ಲಿನ ಸ್ಟ್ರೀಟನ್ನೇ ತಂದ. ಫಾರಂ 29, 30 ಎರಡಕ್ಕೂ ಅಲ್ಲೇ ಸಹಿ ಹಾಕಿಸಿದೆ. ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಗಾಡಿ ನಮ್ಮದಲ್ಲ. ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ ಬ್ಯಾಕ್‌ರೆಸ್ಟ್ ಹಾಕಿಸಿಕೊಂಡು ಬಂದ, ನಾಲ್ಕು ಬೋಲ್ಟಿನ ಕೆಲಸ. ನಾವು ಮೂರು ದಿನ ತಲೆ ಕೆಡಿಸಿಕೊಂಡ ವ್ಯತ್ಯಾಸದಲ್ಲಿ ಅರ್ಧ ಆ ನಾಲ್ಕು ಬೋಲ್ಟಿನಲ್ಲೇ ಇತ್ತು. ಇಂಜಿನ್ನಿನ ಆಯುಸ್ಸನ್ನು ಮಾತ್ರ ಯಾವ ಬೋಲ್ಟೂ ಕೂಡಿಸಲಾರದು. ಭಾನುವಾರ ಅಕ್ಕ ಹಿಂದೆ ಒರಗಿ ಕೂತು ದೇವರಾಯನದುರ್ಗಕ್ಕೆ ಹೋಗಿಬಂದಳು.

ನೀವೂ ಹಳೆಯ ಗಾಡಿ ನೋಡಲು ಹೊರಟಿದ್ದರೆ ಬೆಳಗ್ಗೆ ಬೇಗ ಹೋಗಿ. ಬಣ್ಣ ಆಮೇಲೆ ನೋಡಿದರಾಯಿತು, ಮೊದಲು ಇಂಜಿನ್ ಮೇಲೆ ಅಂಗೈ ಇಡಿ.