ನೋಟಿಸ್ ಬಂತು ಅಂತ ಬಾಯಿ ಮುಚ್ಚಬೇಕೆ?

ಆಶ್ರಮ, ಮಠ, ಸತ್ಸಂಗ, ಪ್ರಾರ್ಥನಾ ಗುಂಪು, ಯಾವುದೇ ಇರಲಿ, ಅದನ್ನು ಬಿಟ್ಟು ಹೊರಗೆ ಬಂದವರಲ್ಲಿ ಎರಡು ಥರದವರು ಇರುತ್ತಾರೆ. ಸುಮ್ಮನೆ ಮನೆಗೆ ಬಂದು ತಮ್ಮ ಪಾಡಿಗೆ ತಾವು ಇರುವವರು ಒಂದು ಥರ. ಒಳಗೆ ಕಂಡದ್ದನ್ನು ನಾಲ್ಕು ಜನಕ್ಕೆ ಹೇಳುವವರು ಇನ್ನೊಂದು ಥರ. ಮೊದಲನೆಯವರ ತಂಟೆಗೆ ಯಾರೂ ಹೋಗುವುದಿಲ್ಲ. ಎರಡನೆಯವರ ಮನೆಗೆ ವಕೀಲರ ನೋಟಿಸ್ ಬರುತ್ತದೆ.

ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದ ನಾವು ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿ ಸುದ್ದಿ ಬರೆಯುವವರು. ಹಾಗೆ ಸುತ್ತುವಾಗ ಈ ಎರಡನೇ ಥರದ ಕೆಲವರು ನಮಗೆ ಸಿಕ್ಕಿದ್ದಾರೆ. ಅವರ ಹೆಸರು, ಊರು, ಗುಂಪಿನ ಹೆಸರು ಇಲ್ಲಿ ಬರೆಯುವುದಿಲ್ಲ. ಹಾಗೆಂದು ಅವರೇ ಕೇಳಿಕೊಂಡಿದ್ದಾರೆ. ಆ ಕೋರಿಕೆಯಲ್ಲೇ ಅರ್ಧ ಕಥೆ ಇದೆ.

ಹನೂರು ಕಡೆಯ ಒಬ್ಬ ಅಕ್ಕ ಏಳು ವರ್ಷ ಒಂದು ಗುಂಪಿನಲ್ಲಿ ಸೇವೆ ಮಾಡಿದವರು. ಅಡುಗೆ ಮಾಡಿದರು, ಕಸ ಗುಡಿಸಿದರು, ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಕಾಣಿಕೆ ಕೊಟ್ಟರು. ಆಮೇಲೆ ದುಡ್ಡಿನ ಲೆಕ್ಕ ಕೇಳಿದರು. ಉತ್ತರ ಸಿಗಲಿಲ್ಲ, ಹೊರಗೆ ಬಂದರು. ತಾವು ಕಂಡದ್ದನ್ನು ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತಾಡಿ ಕಳಿಸಿದರು. ತಿಂಗಳೊಳಗೆ ಬೆಂಗಳೂರಿನ ವಕೀಲರಿಂದ ಇಂಗ್ಲಿಷಿನಲ್ಲಿ ನೋಟಿಸ್ ಬಂತು. ಹದಿನೈದು ದಿನದಲ್ಲಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಐವತ್ತು ಲಕ್ಷ ಮಾನನಷ್ಟ ಪರಿಹಾರ ಮತ್ತು ಕ್ರಿಮಿನಲ್ ಕೇಸು ಎಂದು ಅದರಲ್ಲಿತ್ತು.

"ನಾ ಏನ್ ಸುಳ್ಳ ಹೇಳ್ದಿ ಕನಪ್ಪ? ಕಂಡದ್ದ ಹೇಳ್ದಿ ಅಷ್ಟೇಯಾ. ಐವತ್ತು ಲಕ್ಷ ಅಂದ್ರ ನಮ್ಮೂರ್ನೇ ಮಾರ್ಬೇಕು" ಅಂದರು ಆ ಅಕ್ಕ. ಅವರ ಮಗ ಆ ರಾತ್ರಿಯೇ ಫೋನಿನಿಂದ ಎಲ್ಲವನ್ನೂ ಅಳಿಸಿ ಹಾಕಿದ್ದ.

ಯಳಂದೂರು ಕಡೆಯ ಒಬ್ಬ ಅಣ್ಣನದು ಇನ್ನೊಂದು ಕಥೆ. ಗುಂಪು ಬಿಡುವಾಗ ಅವರಿಂದ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಒಳಗಿನ ವಿಚಾರ ಹೊರಗೆ ಹೇಳುವುದಿಲ್ಲ, ಪೊಲೀಸರಿಗೆ ದೂರು ಕೊಡುವುದಿಲ್ಲ, ಕೋರ್ಟಿಗೆ ಹೋಗುವುದಿಲ್ಲ ಎಂದು ಬರೆದಿತ್ತಂತೆ. "ಸಹಿ ಹಾಕ್ಬುಟ್ಟಿವ್ನಿ, ಇನ್ನೇನ್ ಮಾಡಕಾದದು" ಎಂದು ಅವರು ಕೈಚೆಲ್ಲಿ ಕೂತಿದ್ದರು.

ಇದು ನಮ್ಮ ಮೂರು ತಾಲ್ಲೂಕಿನ ಕಥೆ ಮಾತ್ರ ಅಲ್ಲ. ಬೆಂಗಳೂರಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸಿಗುವ ಬಿಡದಿಯ ನಿತ್ಯಾನಂದ ಸ್ವಾಮಿಯ ಆಶ್ರಮವನ್ನು ನೆನಪು ಮಾಡಿಕೊಳ್ಳಿ. 2010ರ ಮಾರ್ಚ್‌ನಲ್ಲಿ ಟಿ.ವಿ.ಗಳಲ್ಲಿ ವಿಡಿಯೊ ಬಂದದ್ದು ಎಲ್ಲರಿಗೂ ಗೊತ್ತು. ದೂರು ಕೊಟ್ಟವರು ಆಶ್ರಮದೊಳಗೇ ಇದ್ದ, ಸ್ವಾಮಿಯ ಕಾರು ಓಡಿಸುತ್ತಿದ್ದ ಮಾಜಿ ಶಿಷ್ಯ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಒಳಗಿನ ಕಲಿಕೆಯ ವಿಚಾರ ಹೊರಗೆ ಹೇಳುವುದಿಲ್ಲ ಎಂಬ ಕರಾರಿಗೆ ಶಿಷ್ಯರಿಂದ ಸಹಿ ಪಡೆಯುತ್ತಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ವಿಡಿಯೊ ನಕಲಿ, ಹಣಕ್ಕಾಗಿ ಬೆದರಿಸಿದರು ಎಂದು ಆಶ್ರಮದ ಕಡೆಯವರು ಮಾತಾಡಿದವರ ಮೇಲೆಯೇ ದೂರು ಕೊಟ್ಟರು.

2012ರ ಜೂನ್‌ನಲ್ಲಿ ಮಾಜಿ ಭಕ್ತೆಯೊಬ್ಬರು ಕನ್ನಡ ಸುದ್ದಿವಾಹಿನಿಯಲ್ಲಿ ತಮ್ಮ ಅನುಭವ ಹೇಳಿಕೊಂಡರು. ಅದಕ್ಕೆ ಉತ್ತರ ಕೊಡಲು ಬಿಡದಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಅಮೆರಿಕದ ಕೋರ್ಟಿನ ಸಮನ್ಸ್ ಬಗ್ಗೆ ವರದಿಗಾರರೊಬ್ಬರು ಪ್ರಶ್ನೆ ಕೇಳಿದ್ದೇ ತಡ, ಗಲಾಟೆ ಎದ್ದಿತು. ಆಶ್ರಮಕ್ಕೆ ಬೀಗ ಹಾಕಲು ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಆದೇಶ ಕೊಡುವ ತನಕ ಹೋಯಿತು.

ಆಮೇಲಿನದು ಕೋರ್ಟಿನ ಅಲೆದಾಟ. ವೈದ್ಯಕೀಯ ಪರೀಕ್ಷೆಗೆ ಒಳಗಾಗಲೇಬೇಕು ಎಂಬ ಒಂದೇ ಒಂದು ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ ತೀರ್ಮಾನವಾಗಲು 2014ರ ಸೆಪ್ಟೆಂಬರ್ ಬಂತು. 2019ರ ಕೊನೆಗೆ ಸ್ವಾಮಿ ದೇಶದಲ್ಲೇ ಇಲ್ಲ ಎಂಬುದು ಬಯಲಾಯಿತು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅವರ ಜಾಮೀನು ರದ್ದು ಮಾಡಿತು. ಆ ಅರ್ಜಿ ಹಾಕಿದವರು ಅದೇ ಹಳೇ ಡ್ರೈವರ್. ಲೆಕ್ಕ ಹಾಕಿ, ಹತ್ತು ವರ್ಷ. ನಿತ್ಯಾನಂದ ಆರೋಪಗಳನ್ನು ಒಪ್ಪಿಲ್ಲ, ಅದು ಕೋರ್ಟು ತೀರ್ಮಾನ ಮಾಡಬೇಕಾದ ವಿಷಯ. ನಾವು ಕೇಳುವುದು ಬೇರೆ: ಹತ್ತು ವರ್ಷ ವಾಯಿದೆಗೆ ಓಡಾಡುವ ತ್ರಾಣ ನಮ್ಮೂರಿನಲ್ಲಿ ಎಷ್ಟು ಜನಕ್ಕಿದೆ?

ಕೊಳ್ಳೇಗಾಲಕ್ಕೆ ರೈಲಿಲ್ಲ. ಬೆಂಗಳೂರಿನ ಕೋರ್ಟಲ್ಲಿ ಕೇಸು ಬಿದ್ದರೆ ಬೆಳಗಿನ ಜಾವದ ಬಸ್ಸು ಹಿಡಿಯಬೇಕು. ಬಸ್ ಚಾರ್ಜು, ಊಟ, ವಕೀಲರ ಫೀಸು, ಜೊತೆಗೆ ಆ ದಿನದ ಕೂಲಿಯೂ ಹೋಯಿತು. ಅಲ್ಲಿಗೆ ಹೋದ ಮೇಲೆ "ಮುಂದಿನ ತಿಂಗಳು ಬನ್ನಿ" ಅನ್ನುತ್ತಾರೆ. ದೊಡ್ಡ ಸಂಸ್ಥೆಗೆ ಇದು ಖರ್ಚಿನ ಪುಸ್ತಕದಲ್ಲಿ ಒಂದು ಸಾಲು, ಕೂಲಿಯವರಿಗೆ ಇದೇ ಶಿಕ್ಷೆ. ಕೇಸು ಗೆಲ್ಲುವುದು ಮುಖ್ಯವಲ್ಲ, ಎದುರಿನವರು ಸುಸ್ತಾಗಬೇಕು ಎಂದು ಹಾಕುವ ಇಂಥ ಕೇಸುಗಳಿಗೆ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು 1980ರ ದಶಕದಲ್ಲಿ 'ಸ್ಲ್ಯಾಪ್' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೆನ್ನೆಗೆ ಹೊಡೆಯುವುದು ಅನ್ನುವ ಅರ್ಥವೂ ಇದೆ. ಕ್ಯಾಲಿಫೋರ್ನಿಯಾ ರಾಜ್ಯ 1992ರಲ್ಲೇ ಇದನ್ನು ತಡೆಯಲು ಕಾನೂನು ಮಾಡಿತು. ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ.

ಹಾಗಂತ ನಾವು ಬರಿಗೈಯಲ್ಲಿ ಏನೂ ಇಲ್ಲ. ವಕೀಲರನ್ನು ಕೇಳಿ, ಕಾನೂನು ಓದಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ವಕೀಲರ ನೋಟಿಸ್ ಬೇರೆ, ಕೋರ್ಟಿನ ಸಮನ್ಸ್ ಬೇರೆ. ನೋಟಿಸ್ ಎಂದರೆ ಒಬ್ಬರ ಪರವಾಗಿ ಅವರ ವಕೀಲರು ಬರೆದ ಪತ್ರ, ಅದು ತೀರ್ಪಲ್ಲ. ಐವತ್ತು ಲಕ್ಷ ಎಂದು ಅದರಲ್ಲಿ ಬರೆದರೆ ಅಷ್ಟು ಸಾಲ ನಿಮ್ಮ ತಲೆ ಮೇಲೆ ಬಂತು ಎಂದಲ್ಲ. ಆದರೆ ಹರಿದು ಹಾಕಬೇಡಿ. ಕವರ್ ಸಮೇತ ಇಟ್ಟುಕೊಳ್ಳಿ, ಬಂದ ದಿನ ಬರೆದಿಡಿ, ವಕೀಲರ ಮೂಲಕ ಉತ್ತರ ಕೊಡಿ. ಕೋರ್ಟಿನ ಮೊಹರು, ಕೇಸ್ ನಂಬರ್, ಹಾಜರಾಗುವ ದಿನಾಂಕ ಇದ್ದರೆ ಅದು ಸಮನ್ಸ್. ಆಗ ಹೋಗಲೇಬೇಕು. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಸಿವಿಲ್ ಕೇಸು ತೀರ್ಮಾನವಾಗಬಹುದು, ಕ್ರಿಮಿನಲ್ ಕೇಸಾದರೆ ವಾರಂಟ್ ಬರಬಹುದು.

ಮಾನನಷ್ಟಕ್ಕೆ ಪೊಲೀಸರು ಬಂದು ಎಳೆದುಕೊಂಡು ಹೋಗುತ್ತಾರೆ ಎಂಬ ಭಯ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಇದಕ್ಕೆ ಎರಡು ವರ್ಷದ ತನಕ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಇದೆ, ನಿಜ. ಆದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವಂತಿಲ್ಲ. ದೂರುದಾರರೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಸಾರ್ವಜನಿಕರ ಒಳಿತಿಗಾಗಿ ಹೇಳಿದ ನಿಜ ಮಾನಹಾನಿಯಲ್ಲ. ಪೊಲೀಸರಂಥ ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ದೂರು ಕೊಡುವುದೂ ಮಾನಹಾನಿಯಲ್ಲ.

ಯಳಂದೂರಿನ ಅಣ್ಣನ ಛಾಪಾ ಕಾಗದದ ವಿಷಯ. ಕೋರ್ಟಿಗೆ ಹೋಗುವ ಹಕ್ಕನ್ನೇ ಪೂರ್ತಿ ಕಿತ್ತುಕೊಳ್ಳುವ ಕರಾರು 1872ರ ಕರಾರು ಕಾಯ್ದೆಯ 28ನೇ ಕಲಂ ಪ್ರಕಾರ ಅಷ್ಟರ ಮಟ್ಟಿಗೆ ಅಸಿಂಧು. ಅಪರಾಧ ಮುಚ್ಚಿಡುವ ಉದ್ದೇಶದ ಕರಾರು 23ನೇ ಕಲಂನಲ್ಲಿ ನಿಲ್ಲುವುದಿಲ್ಲ. ಛಾಪಾ ಕಾಗದಕ್ಕೆ ಬೆಲೆ ಇದೆ, ಆದರೆ ಅದು ಕಾನೂನಿಗಿಂತ ದೊಡ್ಡದಲ್ಲ.

ತಡೆಯಾಜ್ಞೆ ಬಂದರೂ ಅಲ್ಲಿಗೆ ಮುಗಿಯುವುದಿಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಚಾರದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ 8,842 ಲಿಂಕ್‌ಗಳನ್ನು ತೆಗೆಯಲು ಹೇಳಿತ್ತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಆ ಚಾನೆಲ್ ಮಟ್ಟಿಗೆ ಆದೇಶ ರದ್ದಾಯಿತು. ಅಲ್ಲಿ ಯಾರು ಸರಿ ಎಂಬುದು ಈ ಬರಹದ ವಿಷಯವಲ್ಲ. ಆದೇಶವನ್ನು ಪ್ರಶ್ನಿಸಲು ದಾರಿ ಇದೆ ಎಂಬುದಷ್ಟೇ ಇಲ್ಲಿ ಮುಖ್ಯ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ವಿಚಾರಣೆಗೆ ಮೊದಲೇ ಬರಹ ತಡೆಯುವುದು ತೀರಾ ಅಪರೂಪಕ್ಕೆ ಮಾತ್ರ ಆಗಬೇಕು ಎಂದು ಹೇಳಿದೆ.

ವಕೀಲರಿಗೆ ದುಡ್ಡಿಲ್ಲ ಎನ್ನುವವರಿಗೆ ಉಚಿತ ಕಾನೂನು ನೆರವು ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಸಿಗುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಿಟ್ಟು ಬಂದವರೆಲ್ಲ ಸತ್ಯವಂತರೇ ಎಂದೇನಿಲ್ಲ. ಜಗಳ ಮಾಡಿಕೊಂಡು ಬಂದು ಸುಳ್ಳು ಹಬ್ಬಿಸುವವರೂ ಇದ್ದಾರೆ. ಹೆಸರು ಕೆಟ್ಟರೆ ಕೋರ್ಟಿಗೆ ಹೋಗುವ ಹಕ್ಕು ಮಠಕ್ಕೂ ಇದೆ, ಆಶ್ರಮಕ್ಕೂ ಇದೆ. ಹಾಗಾಗಿ ಮಾತಾಡುವವರು ಕಣ್ಣಾರೆ ಕಂಡದ್ದು, ಕೈಯಲ್ಲಿ ದಾಖಲೆ ಇರುವುದು, ಇಷ್ಟನ್ನೇ ಹೇಳುವುದು ಒಳ್ಳೆಯದು. ಬೇರೆಯವರಿಂದ ಕೇಳಿದ್ದನ್ನು ಸೇರಿಸಿದರೆ ನಿಮ್ಮ ನಿಜಕ್ಕೂ ಬಲ ಹೋಗುತ್ತದೆ.

ಇಷ್ಟೆಲ್ಲ ತಲೆನೋವು ಯಾಕೆ, ಸುಮ್ಮನಿದ್ದರಾಯಿತು ಎಂದು ಕೆಲವರು ನಮಗೆ ಹೇಳಿದ್ದುಂಟು. ಅವರಿಗೆ ನಾವು ಸುಳ್ವಾಡಿಯನ್ನು ನೆನಪಿಸುತ್ತೇವೆ. 2018ರ ಡಿಸೆಂಬರ್ 14ರಂದು ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಗುಡಿಯ ಆಡಳಿತದ ಜಗಳವೇ ಇದಕ್ಕೆ ಕಾರಣ ಎಂಬುದು ಪೊಲೀಸರ ಆರೋಪ. ಜಗಳ ಇದ್ದದ್ದು ಒಳಗೆ, ಕೈಯೊಡ್ಡಿ ಪ್ರಸಾದ ತೆಗೆದುಕೊಂಡವರು ಹೊರಗಿನ ಬಡವರು. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಒಳಗಿದ್ದವರು ಬಾಯಿ ಬಿಟ್ಟಾಗ ಮಾತ್ರ.

ಪ್ರಶ್ನೆ ಕೇಳುವುದು ನಾಸ್ತಿಕತನವೂ ಅಲ್ಲ. ಚಿಕ್ಕಲ್ಲೂರು ಜಾತ್ರೆಗೆ ಹೋಗುವ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೇ ಹೋಗಿ ವೇಷದ ಶರಣರನ್ನು ಬಯಲು ಮಾಡಿದ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಅದನ್ನು ನಾವು ಕೈಮುಗಿದು ಕೇಳುತ್ತೇವೆ. ಆ ಕಥೆಗೆ ಕೈಮುಗಿಯುವ ನಾವು, ಲೆಕ್ಕ ಕೇಳಿದ ಹೆಣ್ಣುಮಗಳಿಗೆ "ನಿನಗ್ಯಾಕೆ ಬೇಕಿತ್ತು" ಅನ್ನುವುದು ಸರಿಯಲ್ಲ.

ನಿಮ್ಮ ಕೇರಿಯಲ್ಲಿ ಯಾರಿಗಾದರೂ ಇಂಥ ಕವರ್ ಬಂದರೆ ಅವರ ಜೊತೆ ಕೂತು ಅದನ್ನು ಪೂರ್ತಿ ಓದಿ. ಇಂಗ್ಲಿಷ್ ಬರುವ ಮಕ್ಕಳಿಂದ ಓದಿಸಿ. ವಾಯಿದೆಯ ದಿನ ಒಬ್ಬರಾದರೂ ಜೊತೆಗೆ ಹೋಗಿ. ಒಬ್ಬಂಟಿಯಾಗಿದ್ದವರು ಬೇಗ ಹೆದರುತ್ತಾರೆ. ನೋಟಿಸ್ ಕಳಿಸುವವರಿಗೂ ಅದು ಗೊತ್ತು.