ಅರೆ, ಕಾಲು, ವೀಸ

ನಮ್ಮ ಯಲಹಂಕದ ಪಿನ್ ಕೋಡ್ 560064. ಎಲ್ಲರೂ ಅದನ್ನು ಬಿಡಿ ಬಿಡಿ ಅಂಕೆಗಳಾಗಿ ಒದರುತ್ತೇವೆ. ಐದು ಲಕ್ಷದ ಅರವತ್ತು ಸಾವಿರದ ಅರವತ್ತನಾಲ್ಕು ಎಂದು ತುಂಬುಸಂಖ್ಯೆಯಾಗಿ ಓದುವವರು ನಮ್ಮತ್ತೆಯೊಬ್ಬರೇ.

ಅತ್ತೆಗೆ ಎಂಬತ್ತೆರಡು. ಮರೆವು ಶುರುವಾಗಿದೆ. ಒಂದು ಸಂಜೆ ದೇವಸ್ಥಾನಕ್ಕೆಂದು ಹೋದವರು ಹೆಬ್ಬಾಳದಲ್ಲಿ ಸಿಕ್ಕರು. ವಿಳಾಸ ಬರೆದ ಚೀಟಿಯನ್ನು ಕೊರಳಿಗೆ ಹಾಕೋಣವೆಂದರೆ, "ನಾನೇನು ದೊಡ್ಡಿಗೆ ಸೇರಿದ ಹಸುವೇನೇ?" ಎಂದು ರೇಗಿದರು. ಮನೆ ನಂಬರು, ಅಡ್ಡರಸ್ತೆ ಯಾವುದೂ ಅವರ ತಲೆಯಲ್ಲಿ ನಿಲ್ಲದು. ಪಿನ್ ಕೋಡಾದರೂ ನಿಂತರೆ ಯಾರಾದರೂ ನಮ್ಮ ಅಂಚೆ ಕಚೇರಿಯವರೆಗೆ ತಂದು ಬಿಟ್ಟಾರು. ಅಲ್ಲಿಂದ ಮುಂದಕ್ಕೆ ಪೋಸ್ಟ್‌ಮ್ಯಾನಿಗೆ ಅತ್ತೆಯ ಗುರುತಿದೆ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ತಂದವರು ಕಾಗದಗಳಿಗಾಗಿ ತಂದದ್ದು. ನಮಗೆ ಅತ್ತೆಯೇ ಕಾಗದವಾದರು.

ಉಪಾಯ ಅವರದೇ. ಎಳವೆಯಲ್ಲಿ ಅವರಪ್ಪ ಬಾಯಿಪಾಠ ಮಾಡಿಸಿದ ಭಿನ್ನರಾಶಿಯ ಮಗ್ಗಿ ಇನ್ನೂ ಅಳಿಸಿಲ್ಲ. ಸಂಖ್ಯೆ ಹೇಳಿದೊಡನೆ ಸೀರೆ ಮಡಿಸಿದ ಹಾಗೆ ಅರ್ಧರ್ಧ ಮಾಡತೊಡಗಿದರು. ಅರೆ, 280032. ಕಾಲು, 140016. ಅರೆಕಾಲು, 70008. ವೀಸ, 35004. ಅರೆವೀಸ, 17502. ಅದರರ್ಧ 8751. ಅಲ್ಲಿಗೆ ಬೆಸ ಬಂತು, ಮಡಿಕೆ ನಿಂತಿತು. ಆರು ಮಡಿಕೆ!

ನನ್ನ ಮಗಳು ಕಾಗದ ಪೆನ್ಸಿಲು ಹಿಡಿದಳು. 560000ವನ್ನು ಏಳು ಸಲ ಅರ್ಧ ಮಾಡಬಹುದು, 64ನ್ನು ಆರು ಸಲ. ಆದ್ದರಿಂದ ಕೂಡಿದ್ದೂ ಆರು ಸಲ ಎಂದಳು. ಹಾಗಾಗಿ 64 ನಮ್ಮ ಪಿನ್ ಕೋಡನ್ನು ಶೇಷವಿಲ್ಲದೆ ಭಾಗಿಸುತ್ತದೆ. ನಾದಿನಿಯಿರುವ ಆರ್.ಟಿ. ನಗರ 560032, ಅದನ್ನೂ 32 ಹಾಗೆಯೇ ಭಾಗಿಸುತ್ತದೆ, ಐದು ಮಡಿಕೆ. ಹೆಬ್ಬಾಳದ 560024 ಮೂರಕ್ಕೇ 70003 ಎಂದು ನಿಲ್ಲುತ್ತದೆ. ಯಶವಂತಪುರದ 560022 ಒಂದೇ ಸಲಕ್ಕೆ 280011, ಕರವಸ್ತ್ರ. ಇದನ್ನು ಕೇಳಿ ಅತ್ತೆಗೆ ಯಲಹಂಕದ ಬಗ್ಗೆ ಬಂದ ಹೆಮ್ಮೆ, ಕೆಂಪೇಗೌಡರ ಕಥೆ ಹೇಳಿದಾಗಲೂ ಬಂದಿರಲಿಲ್ಲ.

8751ರ ಅಂಕೆಗಳನ್ನು ಕೂಡಿದರೆ 21, ಆದ್ದರಿಂದ ಮೂರರಿಂದ ಹೋಗುತ್ತದೆ; ಉಳಿಯುವ 2917 ಅವಿಭಾಜ್ಯ. ಮಗಳು 53ರವರೆಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಿದಳು. ಅತ್ತೆಗೆ ಅದು ಬೇಡ. "ಮೂರು ಪಾಲು ಮಾಡುವುದು ಅಣ್ಣತಮ್ಮಂದಿರ ವ್ಯವಹಾರ, ನಮಗ್ಯಾಕೆ?" ಎನ್ನುತ್ತಾರೆ.

ಈಗ ದಿನಾ ಹೂ ಕಟ್ಟುವಾಗ ಈ ಪಾಠ. ಕೆಲವು ದಿನ ನನ್ನ ಹೆಸರು ಮರೆತು "ಏ ಹುಡುಗಿ" ಎನ್ನುತ್ತಾರೆ, ಆದರೆ 8751ರವರೆಗೆ ತಡೆಯಿಲ್ಲದೆ ಇಳಿಯುತ್ತಾರೆ. ಮೊನ್ನೆ ಮಾತ್ರ ವೀಸಕ್ಕೆ ಬಂದು ನಿಂತರು. ಕೈಯಲ್ಲಿ ಹೂವಿನ ದಾರ ಹಾಗೇ ಇತ್ತು.

"ಆಮೇಲೆ ಅತ್ತೆ?"

"ಅರೆವೀಸ."

"ಅಂದರೆ ಎಷ್ಟು?"

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನೀನು ಓದಿದವಳಲ್ಲವೇನೇ, ನೀನೇ ಹೇಳು" ಎಂದರು.

ಹೇಳಿದೆ. ಅದರರ್ಧವನ್ನು ಅವರೇ ಹೇಳಿದರು.