ಬ್ಯಾರಿ ಬಾಸೆ, ನೂರಕ್ಕೆ ಮೂವತ್ತೈದು

ನಮ್ಮ ಜಹೀರಾಬಾದಿನ ಮನೆಯಲ್ಲಿ ಕಳೆದ ಬೇಸಿಗೆ ರಜೆಯಿಂದ ಒಂದು ಹೊಸ ಆಟ ಶುರುವಾಗಿದೆ. ಲೂಡೋ ಅಲ್ಲ, ಕೇರಂ ಅಲ್ಲ, ಮೊಬೈಲಿನದ್ದಂತೂ ಅಲ್ಲವೇ ಅಲ್ಲ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಇಲ್ಲಿಗೆ ಬಂದಾಗ ತಂದದ್ದು. ಚಾಪೆ ಹಾಸಿ ನಾಲ್ಕೈದು ಜನ ಕೂರುವುದು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ ‘ನಾನು ಹೀಗೆ ಮಾಡ್ತೇನೆ’ ಅನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ರೋಲ್ ಪ್ಲೇಯಿಂಗ್ ಗೇಮ್ ಅಂತ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಈ ಜಾತಿಯಲ್ಲಿ ಮೊದಲನೆಯದು.

ದಾಳ ಕಂಡ ಕೂಡಲೇ ನನ್ನ ಹೆಂಡತಿ ಹುಬ್ಬೇರಿಸಿದಳು. ದುಡ್ಡಿನ ಮಾತೇ ಇಲ್ಲ ಎಂದರೂ ದಾಳ ದಾಳವೇ ಅಂದಳು. ಕೊನೆಗೆ ಅಳಿಯನೇ ದಾರಿ ಕಂಡುಹಿಡಿದ: ಸೊನ್ನೆಯಿಂದ ಒಂಬತ್ತರವರೆಗೆ ಚೀಟಿ ಬರೆದು ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕುವುದು, ಎರಡು ಸಲ ಎತ್ತುವುದು, ನೂರರೊಳಗಿನ ಒಂದು ಸಂಖ್ಯೆ ಸಿಗುತ್ತದೆ. ಈಗ ಆಕೆಯೂ ಬಾಗಿಲ ಬಳಿ ಕುರ್ಚಿ ಹಾಕಿ ಕೂತು ಕೇಳುತ್ತಾಳೆ.

ಪ್ರತಿ ಆಟಗಾರನ ಕೈಯಲ್ಲೂ ಒಂದು ಹಾಳೆ. ಅದರಲ್ಲಿ ಆ ಪಾತ್ರದ ಹೆಸರು, ಕಸುಬು, ಬರುವ ವಿದ್ಯೆಗಳು. ನನ್ನದು ನೆಲದ ಕಲ್ಲು, ಟೈಲ್ಸಿನ ಅಂಗಡಿ. ಲೋಡಿಗೆ ತಾಂಡೂರಿಗೆ ಹೋಗುವಾಗ ಹನ್ನೆರಡು ವರ್ಷದ ಮಗಳು ಒಮ್ಮೊಮ್ಮೆ ಜೊತೆಗಿರುತ್ತಾಳೆ. ಪದರ ಪದರವಾಗಿ ಏಳುವ ಆ ಕಲ್ಲನ್ನು ಅವಳು ಕಣ್ಣಾರೆ ಕಂಡವಳು, ಹಾಗಾಗಿ ಅವಳ ಪಾತ್ರ ಕಲ್ಲು ಒಡೆಯುವವಳು. ಒಂಬತ್ತರ ಮಗನ ಪಾತ್ರ ಕಳ್ಳ. ಜಗಳ ಹುಟ್ಟಿದ್ದು ಕಳ್ಳನಿಂದಲೇ.

ಹಳೆಯ ‘ಡಂಜನ್ಸ್’ ನಿಯಮದಲ್ಲಿ ಗುಹೆಯಿಂದ ಚಿನ್ನ ಹೊತ್ತು ತಂದರೆ ಅನುಭವದ ಅಂಕ. ಅಂಕ ತುಂಬಿದರೆ ಒಂದು ಮೆಟ್ಟಿಲು ಮೇಲೆ. ಕಳ್ಳನೊಬ್ಬ ಮೆಟ್ಟಿಲು ಏರಿದರೆ ಬೀಗ ತೆಗೆಯುವ ಅವನ ಕೈಚಳಕವೂ ತಾನಾಗಿ ಏರುತ್ತದೆ. ಮಗಳು ಹಾಳೆ ಕೆಳಗಿಟ್ಟಳು. “ಉಪ್ಪ, ಇವ ಒಂದು ಬೀಗವನ್ನೂ ಮುಟ್ಲಿಲ್ಲ. ಚಿನ್ನ ಹೊತ್ತದ್ದಕ್ಕೆ ಬೀಗ ತೆಗೀಲಿಕ್ಕೆ ಹೇಗೆ ಬಂತು?”

ನನಗೂ ಅದೇ ಪ್ರಶ್ನೆ. ಅಲ್ಲಿಂದ ನಾನೂ ಚಾಪೆಯ ಅಂಚಿಗೆ ಬಂದೆ.

ಅಳಿಯ ಬೇರೆ ಬೇರೆ ಪುಸ್ತಕಗಳ ದಾರಿ ವಿವರಿಸಿದ. ಅದೇ ‘ಡಂಜನ್ಸ್’ನ 2014ರ ಆವೃತ್ತಿಯಲ್ಲಿ ಹೊಸ ಭಾಷೆಯನ್ನೋ ಒಂದು ಉಪಕರಣ ಬಳಸುವುದನ್ನೋ ಕಲಿಯಬೇಕಾದರೆ ಗುರು ಬೇಕು, 250 ದಿನ ಬೇಕು, ದಿನಕ್ಕೊಂದು ಚಿನ್ನದ ನಾಣ್ಯ ಬೇಕು. 2017ರಲ್ಲಿ ಬಂದ ಇನ್ನೊಂದು ಪುಸ್ತಕ ಅದನ್ನು ಸುಮಾರು 10 ವಾರಕ್ಕೆ ಇಳಿಸಿತು, ವಾರಕ್ಕೆ 25 ನಾಣ್ಯ. ಲೆಕ್ಕ ಹಾಕಿ ನೋಡಿ: ದಿನ ಕಡಿಮೆಯಾಗಿದೆ, ಫೀಸು ಮಾತ್ರ ಅದೇ 250. ನಮ್ಮ ಕೋಚಿಂಗ್ ಸೆಂಟರಿನವರು ಈ ಪುಸ್ತಕ ಓದಿಯೇ ಇರಬೇಕು.

ನನಗೆ ಹಿಡಿಸಿದ್ದು 1978ರ ‘ರೂನ್‌ಕ್ವೆಸ್ಟ್’ ಎಂಬ ಆಟದ ನಿಯಮ. ಅಲ್ಲಿ ಪ್ರತಿ ವಿದ್ಯೆಗೂ ನೂರಕ್ಕೆ ಇಷ್ಟು ಎಂದು ಲೆಕ್ಕ. ಈಜು 40 ಎಂದರೆ ನೂರರಲ್ಲಿ ನಲವತ್ತು ಸಲ ದಡ ಸೇರುತ್ತೀರಿ. ಕಷ್ಟದ ಹೊತ್ತಿನಲ್ಲಿ, ನಿಜವಾಗಿ ಬೇಕಾಗಿದ್ದಾಗ ಈಜಿ ಗೆದ್ದರೆ ಅದರ ಮುಂದೆ ಒಂದು ಗುರುತು. ಒಂದು ಸಾಹಸಕ್ಕೆ ಒಂದೇ ಗುರುತು, ಹತ್ತು ಸಲ ಈಜಿದರೂ ಅಷ್ಟೇ. ಕತೆ ಮುಗಿದ ಮೇಲೆ ಗುರುತಿರುವ ವಿದ್ಯೆಗೆ ಮತ್ತೊಮ್ಮೆ ದಾಳ. ಈ ಸಲ ಬರಬೇಕಾದ್ದು ನಿಮ್ಮ ಅಂಕಕ್ಕಿಂತ ಮೇಲೆ. ಮೇಲೆ ಬಂದರೆ ಒಂದಿಷ್ಟು ಏರಿಕೆ. ಹಾಗಾಗಿ 30 ಇದ್ದವನು ಬೇಗ ಬೇಗ ಏರುತ್ತಾನೆ, 90 ಇದ್ದವನು ತೆವಳುತ್ತಾನೆ. 2012ರ ‘ಡಂಜನ್ ವರ್ಲ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ: ಸೋತಾಗಲೇ ಅನುಭವದ ಅಂಕ. ಮಗನಿಗೆ ಇದು ಬಹಳ ಇಷ್ಟವಾಯಿತು, ಬೇಕೆಂದೇ ಗೋಡೆಗಳಿಂದ ಬೀಳತೊಡಗಿದ.

ಅಂಗಡಿಯಲ್ಲಿ ಕೂತವನಿಗೆ ಗುರುತು ಹಾಕುವ ಈ ನಿಯಮ ತುಂಬ ಪರಿಚಿತ. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಾಗ ನನಗೆ ತೆಲುಗು ನೂರಕ್ಕೆ ಸೊನ್ನೆ. ಪುಸ್ತಕ ಕೊಂಡೆ, ಮೂರನೇ ಪಾಠ ದಾಟಲಿಲ್ಲ. ಕಲಿಸಿದ್ದು ಗಿರಾಕಿ. ಚದರಡಿಯ ರೇಟು ಹೇಳಲಿಕ್ಕೆ ಬರದಿದ್ದರೆ ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಮೊದಲ ಆರು ತಿಂಗಳಲ್ಲಿ ಓಡಿದ ನನ್ನ ತೆಲುಗು ಆಮೇಲಿನ ಹತ್ತು ವರ್ಷದಲ್ಲಿ ಕುಂಟುತ್ತಿದೆ, ಅದೂ ನಿಯಮದಂತೆಯೇ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಾನು ಲೋಡು ಇಳಿಸುವ ನಾರಾಯಣಖೇಡಿನಲ್ಲೂ, ಲೋಡು ತರುವ ತಾಂಡೂರಿನಲ್ಲೂ, ಬೋರ್ಡೆಲ್ಲ ತೆಲುಗಿನಲ್ಲಿರುವ ಪೇಟೆಗಳಲ್ಲಿ, ಕನ್ನಡ ಕಿವಿಗೆ ಬೀಳುತ್ತದೆ. ಮೊದಮೊದಲು ಇವರೆಲ್ಲ ಕರ್ನಾಟಕದಿಂದ ಬಂದವರು ಎಂದುಕೊಂಡಿದ್ದೆ. ಅವರು ಎಲ್ಲಿಂದಲೂ ಬಂದವರಲ್ಲ, ಗಡಿ ಬಂದದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯದ್ದು. ಆ ವರ್ಷದ ನವೆಂಬರ್ 1ರಂದು ಜಿಲ್ಲೆಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಹೋದಾಗ ಈ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆಡಳಿತದ ಭಾಷೆ ತೆಲುಗಾಯಿತು. ಆದರೂ ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ, ಹೊಲದಲ್ಲಿ, ಬೀದರ್ ಕಡೆಯ ಬೀಗರ ಮನೆಯಲ್ಲಿ. ಹಾಳೆಯಲ್ಲಿ ಯಾರೂ ಬರೆಯದಿದ್ದರೂ ದಿನವೂ ಗುರುತು ಬೀಳುತ್ತಿತ್ತು.

ಗುರು ಇದ್ದರೆ ಹೇಗಿರಬೇಕು ಎನ್ನುವುದಕ್ಕೂ ಇದೇ ಊರಿನಲ್ಲಿ ಒಂದು ಕತೆಯಿದೆ. ಇಲ್ಲೇ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ಹಿಂದೆ ದೂರದರ್ಶನದಲ್ಲಿದ್ದವರು, 2023ರಲ್ಲಿ ತೀರಿಕೊಂಡರು. ಸಿರಿಧಾನ್ಯ ಬೆಳೆಯುವ ದಲಿತ ಹೆಂಗಸರು, ಓದು ಬರಹ ಇಲ್ಲದವರು, ಅಲ್ಲಿ ವಿಡಿಯೋ ಕ್ಯಾಮೆರಾ ಕಲಿತರು. 2008ರಲ್ಲಿ ಮಾಚನೂರಿನಿಂದ ತಮ್ಮದೇ ‘ಸಂಘಂ ರೇಡಿಯೋ’ ಶುರುಮಾಡಿದರು. ಇಂಗ್ಲಿಷಿನ ಹೆಸರುಗಳು ಅವರ ನಾಲಿಗೆಗೆ ಒಗ್ಗಲಿಲ್ಲ, ತಮ್ಮವನ್ನೇ ಇಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವುದು ಪಟೇಲನ ಶಾಟ್. ಕೆಳಗಿನಿಂದ ತಲೆಯೆತ್ತಿ ನೋಡುವುದು ಜೀತದವನ ಶಾಟ್. ಕಣ್ಣಿಗೆ ಕಣ್ಣು ಸಮ ಇರುವುದು ಸಂಘಂ ಶಾಟ್. ಯಾವ ಆಟದ ಪುಸ್ತಕದಲ್ಲೂ ಈ ನಿಯಮ ನಾನು ಕಾಣಲಿಲ್ಲ: ಕಲಿಯುವವನು ತನ್ನ ಬದುಕಿನ ಹೆಸರಿಟ್ಟ ವಿದ್ಯೆ ಅವನಿಗೆ ಬೇಗ ದಕ್ಕುತ್ತದೆ. ಅಳಿಯ ಅದನ್ನು ಬರೆದುಕೊಂಡ.

ಈಗ ಹಾಳೆಯ ಭಾಷೆಗಳ ಸಾಲಿಗೆ ಬರುತ್ತೇನೆ. ಮಗಳು ಬರೆದದ್ದು: ತೆಲುಗು, ಉರ್ದು, ಇಂಗ್ಲಿಷ್, ಹಿಂದಿ, ಕನ್ನಡ. ಬ್ಯಾರಿ ಬಾಸೆ ಇಲ್ಲ. ಯಾಕೆ ಎಂದರೆ, “ಅರ್ಥ ಆಗ್ತದೆ. ಮಾತಾಡ್ಲಿಕ್ಕೆ ಬರುದಿಲ್ಲ.” ಸುಳ್ಳಲ್ಲ. ನಾವು ಗಂಡ ಹೆಂಡತಿ ಮಾತಾಡುವುದು ಬ್ಯಾರಿಯಲ್ಲೇ, ಮಕ್ಕಳು ಉತ್ತರ ಕೊಡುವುದು ಕನ್ನಡದಲ್ಲಿ ಅಥವಾ ದಖ್ಖನಿಯಲ್ಲಿ. ಊರಿನಲ್ಲಿದ್ದರೆ ಪಕ್ಕದ ಮನೆಯ ಮಕ್ಕಳಾದರೂ ಇರುತ್ತಿದ್ದರು. ಇಲ್ಲಿ ಆ ಬಾಸೆ ಇಲ್ಲದೆ ನಿಂತುಹೋಗುವ ಕೆಲಸ ಒಂದೂ ಇಲ್ಲ. ನಮ್ಮನ್ನು ‘ನಕ್ಕ್ ನಿಕ್ಕ್’ನವರು ಎಂದು ಹಿಂದೆ ತಮಾಷೆ ಮಾಡುತ್ತಿದ್ದರು, ಇನ್ನು ಇಪ್ಪತ್ತು ವರ್ಷಕ್ಕೆ ನನ್ನ ಮನೆಯಲ್ಲಿ ಆ ಎರಡು ಮಾತಾದರೂ ಇರುತ್ತದೋ ಇಲ್ಲವೋ ಎಂದು ರಾತ್ರಿ ಯೋಚನೆ ಬಂದದ್ದುಂಟು. 1981ರ ‘ಕಾಲ್ ಆಫ್ ಕ್ತುಲು’ ಎಂಬ ಆಟದ ಮೊದಲ ಆವೃತ್ತಿಗಳಲ್ಲಿ ಪಾತ್ರದ ಸ್ವಂತ ಭಾಷೆಯ ಅಂಕ ಎಂದರೆ ಅದರ ಓದಿನ ಐದರಷ್ಟು. ಓದಿದಷ್ಟೂ ಸ್ವಂತ ಭಾಷೆ ಗಟ್ಟಿ ಎಂದು ಲೆಕ್ಕ ಹಾಕಿದವರಿಗೆ ನಮ್ಮಂಥವರ ಮನೆ ಗೊತ್ತಿರಲಿಲ್ಲ ಕಾಣುತ್ತದೆ. ಇಲ್ಲಿ ಓದು ಏರಿದಂತೆ ಬಾಸೆ ಇಳಿಯುತ್ತದೆ.

ಅಳಿಯ ಅವಳಿಗೆ ಬ್ಯಾರಿಯಲ್ಲಿ 35 ಕೊಟ್ಟ. ಮುಂದಿನ ಭಾನುವಾರದ ಕತೆಯಲ್ಲಿ ಒಂದು ನದಿ ಇಟ್ಟ. ದಾಟಿಸುವ ದೋಣಿಯವಳಿಗೆ ಬ್ಯಾರಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ದೋಣಿಯವಳ ಪಾತ್ರಕ್ಕೆ ಫೋನಿನ ಸ್ಪೀಕರ್ ಹಾಕಿ ಊರಿನಲ್ಲಿರುವ ನನ್ನ ಉಮ್ಮನನ್ನೇ ಕೂರಿಸಿದ.

ಉಮ್ಮ ಹರೇಕಳದಲ್ಲಿ ಹುಟ್ಟಿದವರು, ಅಡ್ಯಾರಿಗೆ ನೇತ್ರಾವತಿಯನ್ನು ದೋಣಿಯಲ್ಲೇ ದಾಟಿ ಬೆಳೆದವರು. ಕಡವಿನ ಮಾತು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗಳು ‘ನಕ್ಕ್’ ಎಂದು ಶುರುಮಾಡಿ ಕನ್ನಡಕ್ಕೆ ಜಾರಿದಳು. ಉಮ್ಮ ಕೆಪ್ಪಿಯಂತೆ ನಟಿಸಿದರು. ಎರಡನೇ ಸಲ ಉರ್ದು ಸೇರಿತು. ದೋಣಿ ಕಟ್ಟಿಬಿಡುತ್ತೇನೆ, ಮಳೆ ಬರುತ್ತಿದೆ ಎಂದರು. ನೀನು ಯಾರ ಮನೆಯ ಹುಡುಗಿ, ಎಲ್ಲಿಗೆ ಹೊರಟದ್ದು, ಜೊತೆಗಿರುವ ಈ ಕಳ್ಳ ಯಾರು ಎಂದೆಲ್ಲ ಕೇಳಿದರು. ಮಗ ನಕ್ಕು ಬಿದ್ದ. ಮಗಳು ನಗಲಿಲ್ಲ, ಅವಳಿಗೆ ದಾಟಲೇಬೇಕಿತ್ತು, ಆಚೆ ದಡದಲ್ಲಿ ಅವಳ ಕಲ್ಲಿನ ಗಣಿ. ಬಾಗಿಲ ಬಳಿ ಕೂತಿದ್ದ ಅವಳ ತಾಯಿ ಮೆಲ್ಲಗೆ ಒಂದು ಶಬ್ದ ದಾಟಿಸಿದಳು. ಅದನ್ನು ಹಿಡಿದು, ಅಲ್ಲಲ್ಲಿ ತಡವರಿಸಿ, ಮೂರನೇ ಸಲ ಒಂದು ಪೂರ್ತಿ ವಾಕ್ಯ ಹೇಳಿದಳು. ಕ್ರಿಯಾಪದ ಸರಿ ಇರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಉಮ್ಮ ದೋಣಿ ಬಿಟ್ಟರು.

ಗುರುತು ಬಿತ್ತು. ಆಟ ಮುಗಿದ ಮೇಲೆ ಡಬ್ಬಿಯಿಂದ ಎಂಟು, ಒಂದು. 35ಕ್ಕಿಂತ ಮೇಲೆ. ಅಳಿಯ 40 ಎಂದು ತಿದ್ದಿದ.

ಅವನು ರಜೆ ಮುಗಿಸಿ ಹೋಗಿ ಆಗಿದೆ, ಈಗ ಕತೆ ನಡೆಸುವವನು ನಾನು. ಮೊನ್ನೆ ಶುಕ್ರವಾರ ಉಮ್ಮನ ಫೋನು ಬಂತು. ಆರೋಗ್ಯ ಕೇಳುವ ಮೊದಲೇ, ದೋಣಿ ಕಟ್ಟಿ ಎಷ್ಟು ದಿನ ಕೂರಬೇಕು, ಆ ಹುಡುಗಿ ವಾಪಸು ಬರುವುದಿಲ್ಲವಾ ಎಂದು ವಿಚಾರಿಸಿದರು. ಭಾನುವಾರ ಮಗ್ರಿಬ್ ಆದ ಮೇಲೆ ಎಂದು ಹೇಳಿದ್ದೇನೆ.